ಹಳೆಯ ಜಾಝ್ ಗಿಟಾರ್: ಕೊಳ್ಳುವ ಮುಂಚೆ, ಕೊಂಡ ಮೇಲೆ

ಹಳೆಯ ಹಾಲೋ ಬಾಡಿ (ಒಡಲು ಟೊಳ್ಳಾಗಿರುವ) ಜಾಝ್ ಗಿಟಾರ್ ಮನೆಗೆ ಬಂದ ದಿನವೇ ಆರೂ ತಂತಿ ಬಿಚ್ಚಿ ಒರೆಸಲು ಕೂರುವವರನ್ನು ನೋಡಿದ್ದೇನೆ. ತಂತಿ ಸಡಿಲವಾದದ್ದೇ ತಡ, ತಂತಿಗಳನ್ನು ಮೈಯಿಂದ ಎತ್ತಿ ಹಿಡಿಯುವ ಬ್ರಿಜ್ ಜಾರಿ ಮಡಿಲಿಗೆ ಬೀಳುತ್ತದೆ. ಮುರಿದೇಹೋಯಿತು ಅಂದುಕೊಂಡು ಗಮ್ ಹಾಕಿ ಎಲ್ಲೋ ಒಂದು ಕಡೆ ಅಂಟಿಸಿಬಿಡುತ್ತಾರೆ. ಆಮೇಲೆ ಮೇಲಿನ ಫ್ರೆಟ್‌ಗಳಲ್ಲಿ (ಬೆರಳೊತ್ತುವ ಕಡೆಯ ಲೋಹದ ಅಡ್ಡಪಟ್ಟಿಗಳಲ್ಲಿ) ಒಂದು ಸ್ವರವೂ ಸರಿಯಾಗಿ ನಿಲ್ಲುವುದಿಲ್ಲ. ಈ ಗಿಟಾರ್‌ಗಳ ಬ್ರಿಜ್ ಅಂಟಿಸುವುದಕ್ಕೆ ಇರುವುದಲ್ಲ. ತಂತಿಗಳ ಒತ್ತಡದಲ್ಲೇ ಅದು ಕೂರಬೇಕು.

ಮೊದಲು ಆಯ್ಕೆ

ಕಾಸರಗೋಡಿನ ಅಂಗಡಿಗಳಲ್ಲಿ ಇಂಥದ್ದು ಹುಡುಕಿ ಸುಮ್ನೆ ಕಾಲ ಕಳೆಯಬೇಡಿ. ಗಲ್ಫಿನಿಂದ ಬರುವವರ ಮೂಲಕ, ಇಲ್ಲವೇ ಮುಂಬೈಯಲ್ಲಿ ಬ್ಯಾಂಡ್ ನುಡಿಸಿ ಊರಿಗೆ ಮರಳಿದವರ ಮನೆಗಳಲ್ಲಿ ಸಿಕ್ಕಿದರೆ ಸಿಗಬಹುದು.

ಇದರಲ್ಲಿ ಎರಡು ಜಾತಿ. ಗಿಬ್ಸನ್ ಕಂಪನಿಯ ಎಲ್-5ರಂತೆ ಗಟ್ಟಿ ಸ್ಪ್ರೂಸ್ ಹಲಗೆಯನ್ನು ಕೆತ್ತಿ ಮಾಡಿದವು ಒಂದು. ಅದೇ ಕಂಪನಿಯಿಂದ 1949ರಲ್ಲಿ ಬಂದ ಇಎಸ್-175ರಂತೆ ಪ್ಲೈ ಒತ್ತಿ ಬಗ್ಗಿಸಿ ಮಾಡಿದವು ಇನ್ನೊಂದು. ಕೆತ್ತಿದ್ದೇ ಶ್ರೇಷ್ಠ ಅನ್ನುವವರು ಇದ್ದಾರೆ. ಅವರು ಕುಂಬಳೆಯಲ್ಲಿ ಒಂದು ಮಳೆಗಾಲ ಕಳೆಯಲಿ! ಗಟ್ಟಿ ಹಲಗೆ ತೇವಕ್ಕೆ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಪ್ಲೈ ಇದನ್ನು ಜಾಸ್ತಿ ತಾಳುತ್ತದೆ, ಸ್ಪೀಕರ್ ಮುಂದೆ ಕಿರುಚುವುದೂ ಕಡಿಮೆ. ಜಾಝ್ ಗಿಟಾರಿಸ್ಟ್ ಜೋ ಪಾಸ್ ವರ್ಷಗಟ್ಟಲೆ ನುಡಿಸಿದ್ದು ಆ ಪ್ಲೈ ಗಿಟಾರನ್ನೇ. ನಮ್ಮ ಕರಾವಳಿಗೆ ಪ್ಲೈಯೇ ಸಾಕು.

ಹೊಳಪು ನೋಡಬೇಡಿ, ನೆಕ್ (ಗಿಟಾರಿನ ಉದ್ದನೆಯ ಕತ್ತು) ನೋಡಿ. ತಲೆಯ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಸೊಟ್ಟ ಇದ್ದರೆ ಕಾಣುತ್ತದೆ. ನೆಕ್ ಒಡಲಿಗೆ ಸೇರುವ ಜಾಗದಲ್ಲಿ ತೆಳು ಕಾಗದ ತೂರುವಷ್ಟು ಸಂದಿ ಇದೆಯಾ ನೋಡಿ. ಬ್ರಿಜ್‌ನ ಎತ್ತರ ಹೆಚ್ಚುಕಡಿಮೆ ಮಾಡುವ ತಿರುಗುಚಕ್ರಗಳನ್ನು ಪೂರ್ತಿ ಇಳಿಸಿಟ್ಟಿದ್ದೂ ತಂತಿ ಎತ್ತರದಲ್ಲೇ ಇದ್ದರೆ ನೆಕ್‌ನ ಕೋನ ತಪ್ಪಿದೆ ಅಂತ ಅರ್ಥ. ಅದನ್ನು ಬಿಚ್ಚಿ ಕೂರಿಸಬಲ್ಲವರು ಹತ್ತಿರದಲ್ಲಿ ಸಿಗುವುದು ಕಷ್ಟ. ಕೈಮುಗಿದು ಎದ್ದು ಬನ್ನಿ. ಮೈಯನ್ನು ಬೆರಳ ಗೆಣ್ಣಿನಿಂದ ತಟ್ಟಿ. ಒಳಗೆ ಏನೋ ಗರಗರ ಅಂದರೆ ಹಲಗೆಗೆ ಆಧಾರವಾಗಿ ಅಂಟಿಸಿದ ಮರದ ಪಟ್ಟಿ ಬಿಟ್ಟಿದೆ. ಎಫ್-ಹೋಲ್‌ನಿಂದ (ಮೈ ಮೇಲಿನ ಇಂಗ್ಲಿಷ್ f ಆಕಾರದ ತೂತಿನಿಂದ) ಮೊಬೈಲ್ ಬೆಳಕು ಬಿಟ್ಟು ನೋಡಿ.

ಪಿಕ್‌ಗಾರ್ಡ್ (ಮೈಗೆ ಗೀರು ಬೀಳದಂತೆ ತಂತಿಗಳ ಪಕ್ಕ ಇರುವ ತಗಡು) ಹುಳಿ ವಾಸನೆ ಬೀರುತ್ತಿದ್ದರೆ, ಪುಡಿಯಾಗುತ್ತಿದ್ದರೆ ಅದು ಕೊಳೆಯುತ್ತಿರುವ ಸೆಲ್ಯುಲಾಯ್ಡ್. ಅದರ ಆವಿಗೆ ಹತ್ತಿರದ ಲೋಹವೆಲ್ಲ ತುಕ್ಕು ಹಿಡಿಯುತ್ತದೆ. ಕಳಚಿ ಬೇರೆ ಕಡೆ ಇಡಿ. ಗಿಟಾರನ್ನು ಬಿಡಬೇಕಾಗಿಲ್ಲ.

ಬ್ರಿಜ್ ಕೂರಿಸುವುದು

ಇಲ್ಲಿ ಅವಸರ ಬೇಡ. ತಂತಿ ಬದಲಿಸುವಾಗ ಒಂದೊಂದೇ ಬಿಚ್ಚಿ, ಹೊಸದು ಹಾಕಿ, ಬಿಗಿದು, ಮುಂದಿನದಕ್ಕೆ ಹೋಗಿ. ಆರನ್ನೂ ಒಟ್ಟಿಗೆ ಬಿಚ್ಚಲೇಬೇಕಾದರೆ ಮುಂಚೆ ಫೋಟೋ ತೆಗೆದು, 12ನೇ ಫ್ರೆಟ್‌ನಿಂದ ಬ್ರಿಜ್‌ನ ಎರಡೂ ತುದಿಗೆ ಅಳತೆ ಬರೆದಿಡಿ. ಗುರುತಿಗೆ ಸೆಲ್ಲೋಟೇಪ್ ಅಂಟಿಸುವವರಿದ್ದಾರೆ. ಟೇಪ್ ಕೀಳುವಾಗ ಹಳೆಯ ಲ್ಯಾಕರ್ (ಮೆರುಗಿನ ಲೇಪ) ಸಿಪ್ಪೆಯ ಹಾಗೆ ಎದ್ದು ಬರುತ್ತದೆ.

ಅಳತೆಯೇ ಇಲ್ಲ ಅನ್ನಿ. ನಟ್‌ನಿಂದ (ನೆಕ್‌ನ ತಲೆಯ ಕಡೆ ತಂತಿ ಹಾಯುವ ಗಾಡಿಯ ಪಟ್ಟಿಯಿಂದ) 12ನೇ ಫ್ರೆಟ್‌ಗೆ ಎಷ್ಟು ದೂರವೋ, ಅಲ್ಲಿಂದ ಬ್ರಿಜ್‌ಗೂ ಅಷ್ಟೇ ದೂರ ಇಟ್ಟು ಶುರು ಮಾಡಿ. ದಪ್ಪ ತಂತಿಯ ಕಡೆ ಒಂದೆರಡು ಮಿಲಿಮೀಟರ್ ಹಿಂದೆ ಸರಿಸಿ. ಶ್ರುತಿ ಮಾಡಿ. ಈಗ 12ನೇ ಫ್ರೆಟ್ ಮೇಲೆ ತಂತಿಯನ್ನು ಹಗುರ ಮುಟ್ಟಿ ಮೀಟಿದಾಗ ಬರುವ ಹಾರ್ಮೋನಿಕ್ ಸ್ವರ ಕೇಳಿ, ಆಮೇಲೆ ಅದೇ ಫ್ರೆಟ್ ಒತ್ತಿ ಕೇಳಿ. ಒತ್ತಿದ ಸ್ವರ ಏರಿದ್ದರೆ ಬ್ರಿಜ್ ಟೇಲ್‌ಪೀಸ್ ಕಡೆ (ತಂತಿಗಳ ಬುಡ ಸಿಕ್ಕಿಸಿದ ಕಡೆ) ಹೋಗಬೇಕು. ಇಳಿದಿದ್ದರೆ ನೆಕ್ ಕಡೆ. ಸರಿಸುವ ಮುಂಚೆ ತಂತಿ ಸ್ವಲ್ಪ ಸಡಿಲಿಸಿ, ಎರಡೂ ಕೈಯಲ್ಲಿ ಬುಡ ಹಿಡಿದು ಅರ್ಧ ಮಿಲಿಮೀಟರ್‌ನಂತೆ ಸರಿಸಿ. ಎಳೆದರೆ ಗೀರು ಬೀಳುತ್ತದೆ. ಪ್ರತಿ ಸಲವೂ ಮತ್ತೆ ಶ್ರುತಿ ಮಾಡಿಯೇ ಪರೀಕ್ಷಿಸಿ. ಮೊದಲು ತೆಳು ತಂತಿ, ಆಮೇಲೆ ದಪ್ಪ ತಂತಿ, ಮತ್ತೆ ತೆಳುವಿಗೆ ಬನ್ನಿ. ಒಂದು ಕಡೆ ಸರಿಸಿದರೆ ಇನ್ನೊಂದು ಕಡೆಯೂ ಅಲುಗುತ್ತದೆ ಅಲ್ವಾ?

ಬ್ರಿಜ್‌ನ ಬುಡ ಮೈಗೆ ಪೂರ್ತಿ ಅಂಟಿ ಕೂತಿದೆಯಾ? ಸುತ್ತಲೂ ಕಾಗದದ ಚೂರು ತೂರಿಸಿ ನೋಡಿ. ತೂರಿದರೆ ಸದ್ದು ಅಲ್ಲೇ ಸೋರುತ್ತದೆ. ಬ್ರಿಜ್ ನಿಲ್ಲುವ ಜಾಗದಲ್ಲಿ ಸ್ಯಾಂಡ್‌ಪೇಪರನ್ನು ಒರಟು ಮುಖ ಮೇಲೆ ಮಾಡಿ ಹಾಸಿ, ಬುಡವನ್ನು ಅದರ ಮೇಲೆ ಮೆಲ್ಲ ಉಜ್ಜಿ. ಮೈಯ ಬಾಗೇ ಬುಡಕ್ಕೆ ಬರುತ್ತದೆ. ಇದಕ್ಕೆ ಒಂದು ಮಧ್ಯಾಹ್ನ ಹೋದರೂ ಹೋಗಲಿ. ಕೊನೆಗೆ ಪಕ್ಕದಿಂದ ನೋಡಿ: ಶ್ರುತಿ ಏರಿಸುತ್ತಾ ಹೋದಂತೆ ಬ್ರಿಜ್ ನೆಕ್ ಕಡೆ ವಾಲುತ್ತದೆ. ನೆಟ್ಟಗೆ ನಿಲ್ಲಿಸಿ.

ತಂತಿ

ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ ನಯವಾದ ತಂತಿ), 12ರ ಸೆಟ್, ಅಂದರೆ ಅತಿ ತೆಳು ತಂತಿ 0.012 ಇಂಚು. ಇದರಲ್ಲಿ ನನಗೆ ಚರ್ಚೆಯೇ ಇಲ್ಲ. ಕಂಚಿನ ತಂತಿ ಬೇಡ. ಕಂಚು ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನಲ್ಲಿ ದಪ್ಪ ತಂತಿಗಳು ಸಪ್ಪೆಯಾಗುತ್ತವೆ. ಹಳೆಯ ಮರದ ಸ್ಯಾಡಲ್‌ಗಳನ್ನು (ಬ್ರಿಜ್‌ನಲ್ಲಿ ತಂತಿ ಕೂರುವ ಮೇಲ್ಭಾಗವನ್ನು) ಸುತ್ತು ಇರುವ ಮೂರನೆಯ ತಂತಿಗೆ ಹೊಂದುವಂತೆ ಕಡಿದಿರುತ್ತಾರೆ. ಅಲ್ಲಿ ಸುತ್ತಿಲ್ಲದ ತಂತಿ ಹಾಕಿದರೆ ಬ್ರಿಜ್ ಎಷ್ಟು ಸರಿಸಿದರೂ ಆ ಒಂದು ತಂತಿ ಹಟ ಹಿಡಿಯುತ್ತದೆ.

ಮಳೆಗಾಲ

ಗಲ್ಫಿನ ಏಸಿ ಕೋಣೆಯಿಂದ ನೇರ ಜೂನ್ ತಿಂಗಳ ಮಂಜೇಶ್ವರಕ್ಕೆ ಬಂದ ಗಿಟಾರನ್ನು ಆ ದಿನವೇ ತಿದ್ದಲು ಹೋಗಬೇಡಿ. ಒಂದೆರಡು ವಾರ ಪೆಟ್ಟಿಗೆಯಲ್ಲೇ ಇರಲಿ. ಪೆಟ್ಟಿಗೆಯೊಳಗೆ ಚಿಕ್ಕ ತೇವಮಾಪಕ ಇಡಿ. ಶೇ 45ರಿಂದ 55 ಒಳ್ಳೆಯದು. ಏರಿದರೆ ಸಿಲಿಕಾ ಜೆಲ್ ಇಟ್ಟು, ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ, ಅಡುಗೆಯ ಬಾಣಲೆಯಲ್ಲಲ್ಲ. ಮಳೆಯಲ್ಲಿ ಬೆವರುವ ಕೆಂಪು ಕಲ್ಲಿನ ಗೋಡೆಗೆ ಪೆಟ್ಟಿಗೆ ತಾಗಿಸಬೇಡಿ. ಅಡಿಕೆ ಇಡುವ ಅಟ್ಟವೂ ಬೇಡ, ಗೆದ್ದಲು ಕೇಳಿ ಬರುವುದಿಲ್ಲ.

ಸ್ಟ್ಯಾಂಡ್‌ನಲ್ಲಿ ನಿಲ್ಲಿಸುವವರು ರಬ್ಬರ್ ತಾಗುವಲ್ಲಿ ಹತ್ತಿ ಬಟ್ಟೆ ಸುತ್ತಿ. ಅಗ್ಗದ ರಬ್ಬರ್ ಹಳೆಯ ಲ್ಯಾಕರನ್ನು ಕರಗಿಸಿ ಅಂಟಿಕೊಳ್ಳುತ್ತದೆ. ಹಾಗೆ ಕಲೆ ಬಿದ್ದರೂ ಪಾಲಿಶ್ ಮಾಡಿಸಲು ಓಡಬೇಡಿ, ಮೂಲ ಬಣ್ಣ ಹೋದರೆ ಬೆಲೆ ಇಳಿಯುತ್ತದೆ. ಸ್ಟೇಜಿನಲ್ಲಿ ಆಂಪ್ಲಿಫೈಯರ್‌ಗೆ ಎದುರಾಗಿ ನಿಲ್ಲದೆ ಪಕ್ಕಕ್ಕೆ ನಿಂತು, ಬೇಸ್ ಇಳಿಸಿ ನುಡಿಸಿ. ಆಗಲೂ ಊಳಿಟ್ಟರೆ ಎಫ್-ಹೋಲ್‌ಗೆ ಬಟ್ಟೆ ತುರುಕಿ. ನೋಡಲು ಚೆಂದವಲ್ಲ, ಆದರೆ ಕೆಲಸ ಆಗುತ್ತದೆ.