ಐಐಟಿ ಮದ್ರಾಸ್ ಬಿಟ್ಟು ರೂರ್ಕಿ ಸೇರಿದ್ದು: ನನ್ನ ಎಂ.ಟೆಕ್ ಸೀಟಿನ ಲೆಕ್ಕಾಚಾರ

ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯ 2025ರ ಫಲಿತಾಂಶ ಬಂದ ಮೇಲೆ ನನ್ನ ಮುಂದೆ ಮೂರು ದಾರಿ ಇದ್ದವು. ಐಐಟಿ ಮದ್ರಾಸಿನಲ್ಲಿ ಜಿಯೋಟೆಕ್ನಿಕಲ್, ಅಂದರೆ ಮಣ್ಣು, ಅಡಿಪಾಯದ ಎಂಜಿನಿಯರಿಂಗ್. ಐಐಟಿ ರೂರ್ಕಿಯಲ್ಲಿ ನೀರಾವರಿ ನೀರಿನ ನಿರ್ವಹಣೆ. ಇನ್ನೊಂದು ಸುರತ್ಕಲ್ಲಿನ ಎನ್‌ಐಟಿಕೆ, ಅಲ್ಲಿ ಜಲಸಂಪನ್ಮೂಲ. ಸಿವಿಲ್ ಓದಿದವರನ್ನು ಕೇಳಿದರೆ ಹತ್ತಕ್ಕೆ ಒಂಬತ್ತು ಜನ ಮದ್ರಾಸ್ ಅಂತಾರೆ. ನಾನು ರೂರ್ಕಿ ಆರಿಸಿಕೊಂಡೆ. ಜೂನಿಯರ್‌ಗಳು ಫೋನ್ ಮಾಡಿ ಇದನ್ನೇ ಕೇಳುತ್ತಾರೆ, ಅದಕ್ಕೆ ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ಪೋರ್ಟಲ್ ವಿಷಯ. ಐಐಟಿಗಳ ಎಂ.ಟೆಕ್ ಆಫರ್‌ಗಳು ಕೋಆಪ್ ಎಂಬ ಪೋರ್ಟಲ್‌ನಲ್ಲಿ ಬರುತ್ತವೆ. ಅಲ್ಲಿ ನೋಂದಾಯಿಸಿದರೆ ಎಲ್ಲ ಐಐಟಿಗೂ ಅರ್ಜಿ ಹಾಕಿದಂತಾಯಿತು ಅಂತ ತುಂಬಾ ಜನ ತಿಳಿದುಕೊಳ್ಳುತ್ತಾರೆ. ಹಾಗಲ್ಲ. ಪ್ರತಿ ಐಐಟಿಗೂ ಬೇರೆ ಬೇರೆ ಅರ್ಜಿ ಹಾಕಬೇಕು, ಕೋಆಪ್ ನಂಬರ್ ಅಲ್ಲಿ ಕೊಡಬೇಕು. ಪ್ರತಿ ಸುತ್ತಿನಲ್ಲಿ ಆಫರ್ ಬಂದಾಗ ಮೂರು ಆಯ್ಕೆ ಇರುತ್ತವೆ. 'ಆಕ್ಸೆಪ್ಟ್ ಅಂಡ್ ಫ್ರೀಜ್' ಒತ್ತಿದರೆ ಅಲ್ಲಿಗೆ ಮುಗಿಯಿತು, ಮುಂದೆ ಬೇರೆ ಆಫರ್ ಬರುವುದಿಲ್ಲ. 'ರಿಟೇನ್ ಅಂಡ್ ವೇಟ್' ಅಂದರೆ ಕೈಲಿರುವುದನ್ನು ಇಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು. 'ರಿಜೆಕ್ಟ್ ಅಂಡ್ ವೇಟ್' ಒತ್ತಿದರೆ ಆ ಸೀಟು ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ. ಎನ್‌ಐಟಿಗಳಿಗೆ ಸಿಸಿಎಂಟಿ ಎಂಬ ಬೇರೆ ಕೌನ್ಸೆಲಿಂಗ್ ಇದೆ. ನನಗೆ ಮೊದಲು ಬಂದಿದ್ದು ಮದ್ರಾಸ್. ಅದನ್ನು ರಿಟೇನ್ ಮಾಡಿದೆ. ಮುಂದೆ ರೂರ್ಕಿಯೂ ಬಂತು. ತೀರ್ಮಾನಕ್ಕೆ ಸಿಗುವುದು ಕೆಲವೇ ದಿನ. ಹಾಗಾಗಿ ಯೋಚನೆಯನ್ನು ಸುತ್ತು ಶುರುವಾಗುವ ಮೊದಲೇ ಮುಗಿಸಿಕೊಳ್ಳಬೇಕು.

ನಾನು ಹಿಡಿದುಕೊಂಡ ಪ್ರಶ್ನೆ ಒಂದೇ: ಎರಡನೇ ವರ್ಷ ನಾನು ಏನು ಕೆಲಸ ಮಾಡುತ್ತಿರುತ್ತೇನೆ? ಎಂ.ಟೆಕ್ ಎರಡು ವರ್ಷ. ಮೊದಲ ವರ್ಷ ತರಗತಿ, ಪರೀಕ್ಷೆಗಳಲ್ಲಿ ಕಳೆದುಹೋಗುತ್ತದೆ. ಅದು ಎಲ್ಲ ಕಡೆ ಹೆಚ್ಚು ಕಡಿಮೆ ಒಂದೇ ಥರ. ಎರಡನೇ ವರ್ಷದ ಪ್ರಾಜೆಕ್ಟ್ ಮಾತ್ರ ನಿಜವಾಗಿ ನಿಮ್ಮದು. ಯಾವ ವಿಷಯ, ಯಾರ ಕೈಕೆಳಗೆ ಅನ್ನುವುದರ ಮೇಲೆ ಮುಂದಿನ ಕೆಲಸವೂ ನಿಂತಿರುತ್ತದೆ.

ನಮ್ಮೂರು ಮಾನ್ವಿ ತಾಲೂಕಿನಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲಿನವರು ಭತ್ತ ಹಚ್ಚಿ ನೀರು ಎಳೆದುಕೊಂಡ ಮೇಲೆ ಉಳಿದರೆ ನಮಗೆ. ಗೇಜ್ (ಕಾಲುವೆಯ ನೀರಿನ ಮಟ್ಟ) ಎಷ್ಟಿದೆ ಅನ್ನುವ ಮಾತು ಕೇಳುತ್ತಲೇ ಬೆಳೆದೆ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಗೇಟ್ ಪರೀಕ್ಷೆಗೆ ಓದುತ್ತಿದ್ದೆ. ತುಂಬಿದ ಡ್ಯಾಮಿನಿಂದ ನೀರು ಸುಮ್ನೆ ನದಿಗೆ ಹೋಗುತ್ತಿದ್ದರೆ ನಮ್ಮ ಕಡೆ ಯಾರಿಗೂ ನಿದ್ದೆ ಇರಲಿಲ್ಲ. ಕಾಲುವೆ ನೀರು ಕೊನೆಯ ಹೊಲದವರೆಗೆ ಹೇಗೆ ತಲುಪಬೇಕು ಅನ್ನುವುದನ್ನೇ ಓದಬೇಕು ಅಂತ ಆಗಲೇ ಗಟ್ಟಿ ಮಾಡಿಕೊಂಡೆ. ಜಿಯೋಟೆಕ್ನಿಕಲ್ ಒಳ್ಳೆಯ ವಿಷಯವೇ. ಆದರೆ ಎರಡನೇ ವರ್ಷ ಲ್ಯಾಬಿನಲ್ಲಿ ಮಣ್ಣಿನ ಬಲ ಅಳೆಯುತ್ತಾ ಕೂರುವುದು ನನ್ನಿಂದ ಆಗುವ ಕೆಲಸ ಅಲ್ಲ.

ವಿಷಯ ಗಟ್ಟಿಯಾದ ಮೇಲೂ ಜಾಗ ನೋಡಬೇಕಲ್ವಾ? ಮೊದಲು ಎನ್‌ಪಿಟಿಇಎಲ್ ತೆರೆದೆ. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ಸೇರುವ ಮೊದಲೇ ನಾಳೆಯ ಮೇಷ್ಟ್ರ ಪಾಠ ಕೇಳಬಹುದು. ಇದನ್ನು ಯಾಕೆ ಎಲ್ಲರೂ ಮಾಡುವುದಿಲ್ಲವೋ ಗೊತ್ತಿಲ್ಲ. ಆಮೇಲೆ ವಿಭಾಗದ ಪುಟದಲ್ಲಿ ಪ್ರತಿಯೊಬ್ಬ ಪ್ರಾಧ್ಯಾಪಕರ ಇತ್ತೀಚಿನ ಲೇಖನಗಳ ಹೆಸರು ಓದಿದೆ. ಪೂರ್ತಿ ಅರ್ಥ ಆಗಬೇಕಿಲ್ಲ. ನಿಮ್ಮ ಆಸಕ್ತಿಯ ಕೆಲಸ ಈಗಲೂ ನಡೆಯುತ್ತಿದೆಯಾ ಅಂತ ಗೊತ್ತಾದರೆ ಸಾಕು. ಕೊನೆಗೆ ಈಗ ಓದುತ್ತಿರುವವರನ್ನು ಹುಡುಕಿ ಮಾತಾಡಿದೆ. ಅವರನ್ನು 'ಕಾಲೇಜು ಹೇಗಿದೆ' ಅಂತ ಕೇಳಬೇಡಿ, 'ಚೆನ್ನಾಗಿದೆ' ಅಂತಾರೆ ಅಷ್ಟೇ. ಗೈಡ್ ಯಾವಾಗ ಸಿಗುತ್ತಾರೆ, ಪ್ರಾಜೆಕ್ಟ್ ವಿಷಯ ಯಾರು ಆರಿಸುತ್ತಾರೆ, ಫೀಲ್ಡಿಗೆ ಹೋಗಲು ದುಡ್ಡು ಯಾರು ಕೊಡುತ್ತಾರೆ, ಹಿಂದಿನ ಬ್ಯಾಚಿನಲ್ಲಿ ನಿಮ್ಮದೇ ಶಾಖೆಯವರು ಎಲ್ಲಿ ಕೆಲಸಕ್ಕೆ ಸೇರಿದರು, ಇವನ್ನು ಕೇಳಿ.

ರೂರ್ಕಿ ನನ್ನ ಮನಸ್ಸು ಗೆದ್ದಿದ್ದು ಇಲ್ಲೇ. ಆ ಕಾಲೇಜು 1847ರಲ್ಲಿ ಶುರುವಾಗಿದ್ದೇ ಗಂಗಾ ಕಾಲುವೆ ಕಟ್ಟಲು ಎಂಜಿನಿಯರುಗಳು ಬೇಕು ಅಂತ. ಕಾಲುವೆ ಈಗಲೂ ಊರಿನ ನಡುವೆ ಹರಿಯುತ್ತದೆ. ನಾನು ಸೇರಿದ ವಿಭಾಗ 1955ರಲ್ಲಿ ಏಷ್ಯಾ, ಆಫ್ರಿಕಾ ದೇಶಗಳ ನೀರಾವರಿ ಎಂಜಿನಿಯರುಗಳಿಗೆ ತರಬೇತಿ ಕೊಡಲು ಆರಂಭವಾಯಿತು. ಇಂದಿಗೂ ಇಲಾಖೆಗಳಲ್ಲಿ ಕೆಲಸ ಮಾಡುವವರು ಅಲ್ಲಿಗೆ ಓದಲು ಬರುತ್ತಾರೆ. ತೂಬು, ಗೇಟು, ರೈತರ ಜಗಳ ಎಲ್ಲ ಕಣ್ಣಾರೆ ಕಂಡವರ ಪಕ್ಕ ಕೂತು ಓದುವ ಅವಕಾಶ ಬೇರೆ ಎಲ್ಲಿ ಸಿಗುತ್ತದೆ? ರಾಷ್ಟ್ರೀಯ ಜಲವಿಜ್ಞಾನ ಸಂಸ್ಥೆ ಕೂಡ ಅದೇ ಊರಿನಲ್ಲಿದೆ.

ಸುರತ್ಕಲ್ ಬಿಡುವುದು ಮದ್ರಾಸ್ ಬಿಡುವುದಕ್ಕಿಂತ ಕಷ್ಟವಾಯಿತು. ವಿಷಯ ನನ್ನದೇ, ರಾತ್ರಿ ಬಸ್ ಹತ್ತಿದರೆ ಮನೆಗೂ ಬರಬಹುದು. ಕರಾವಳಿ, ಸಮುದ್ರದ ಕಡೆ ಆಸಕ್ತಿ ಇರುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ನಮ್ಮ ರಾಜ್ಯದಲ್ಲಿ ನನಗೆ ಕಾಣುವುದಿಲ್ಲ. ನನಗೆ ಬೇಕಾಗಿದ್ದು ಕಾಲುವೆ.

ದುಡ್ಡಿನ ಲೆಕ್ಕದಲ್ಲಿ ಜಾಸ್ತಿ ವ್ಯತ್ಯಾಸ ಇರಲಿಲ್ಲ. ಗೇಟ್ ಮೂಲಕ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಫಂಡ್, ಅದಕ್ಕೆ ವಾರಕ್ಕೆ 8 ಗಂಟೆ ವಿಭಾಗದ ಕೆಲಸ. ಫೀಸು, ಹಾಸ್ಟೆಲ್, ಊಟ ಮಾತ್ರ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಅದನ್ನು ಕೂಡಿಸಿ ನೋಡಿ. ಗೇಟ್ ಸ್ಕೋರಿಗೆ ಮೂರು ವರ್ಷ ಬೆಲೆ ಇದೆ, ಮುಂದಿನ ವರ್ಷ ನೋಡು ಅಂದವರೂ ಇದ್ದರು. ಬೇಕಾದ ಸೀಟು ಕೈಯಲ್ಲಿರುವಾಗ ಕಾಯುವುದರಲ್ಲಿ ಅರ್ಥ ಕಾಣಲಿಲ್ಲ.

ಮನೆಯಲ್ಲಿ ಮಾವನದೇ ದೊಡ್ಡ ತಕರಾರು. "ಮದ್ರಾಸ್ ಸಿಕ್ಕಾಗ ಅಷ್ಟು ದೂರ ಯಾಕ ಹೋಗ್ತಿ?" ಅಂದರು. ಅಪ್ಪ ಕೇಳಿದ್ದು ಒಂದೇ ಮಾತು: "ಅಲ್ಲಿ ಕಲಿತರ ನಮ್ಮ ಕಾಲುವಿಗೆ ಏನರೆ ಉಪಯೋಗ ಆಗ್ತದೇನು?" ಆಗ್ತದ ಅಂದೆ. ಅಂದೇ ಫ್ರೀಜ್ ಮಾಡಿದೆ.

ಕಲ್ಯಾಣ ಕರ್ನಾಟಕದ ಹುಡುಗರಿಗೆ ಇನ್ನೆರಡು ಮಾತು. ನಮ್ಮ ಭಾಗದ ಮೀಸಲಾತಿಗೆ ಕೊಡುವ 371ಜೆ ಪ್ರಮಾಣಪತ್ರ ಐಐಟಿ, ಎನ್‌ಐಟಿಗಳಲ್ಲಿ ನಡೆಯುವುದಿಲ್ಲ. ನಮ್ಮ ರಾಜ್ಯದ 2ಎ, 3ಬಿ ಪ್ರಮಾಣಪತ್ರವೂ ಅಷ್ಟೇ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದ್ದರೆ ಕೇಂದ್ರದ ನಮೂನೆಯಲ್ಲೇ, ಆ ಆರ್ಥಿಕ ವರ್ಷದ ತಾರೀಖಿನಲ್ಲಿ ತಹಶೀಲ್ದಾರರಿಂದ ಮಾಡಿಸಿಕೊಳ್ಳಬೇಕು. ಏಪ್ರಿಲ್‌ನಲ್ಲೇ ನಾಡಕಚೇರಿಗೆ ಹೋಗಿ. ಐಐಟಿ ಸೀಟು ಖಚಿತವಾದ ಮೇಲೆ ಸಿಸಿಎಂಟಿಯಲ್ಲಿ ಸೀಟು ಹಿಡಿದಿದ್ದರೆ ಗಡುವಿನೊಳಗೆ ಬಿಟ್ಟುಕೊಡಿ. ಕಟ್ಟಿದ ಹಣದಲ್ಲಿ ಒಂದಿಷ್ಟು ಮುರಿದುಕೊಂಡು ಉಳಿದಿದ್ದು ವಾಪಸ್ ಬರುತ್ತದೆ, ಸೀಟು ಮುಂದಿನ ಸುತ್ತಿನಲ್ಲಿ ಕಾಯುತ್ತಿರುವವರಿಗೆ ಹೋಗುತ್ತದೆ.