ಚೋಕ್ ಬಿಟ್ಟರೆ ಆಫ್ ಆಗುವ ಗಾಡಿ: ಕಾರ್ಬೊರೇಟರ್ ಮನೆಯಲ್ಲೇ ಬಿಚ್ಚಿದ್ದು

ಚೋಕ್ ಎಳೆದರೆ ಸ್ಟಾರ್ಟ್ ಆಗುತ್ತದೆ, ಬಿಟ್ಟ ಕೂಡಲೇ ಆಫ್. ಆಕ್ಸಿಲರೇಟರ್ ಹಿಡಿದೇ ಇದ್ದರೆ ಓಡುತ್ತದೆ, ಕೈ ಸಡಿಲಿಸಿದರೆ ನಿಲ್ಲುತ್ತದೆ. ಹೀಗಾದಾಗ ನಾನು ಮೊದಲು ಅನುಮಾನ ಪಡುವುದು ಕಾರ್ಬೊರೇಟರ್ (ಗಾಳಿ, ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಭಾಗ) ಒಳಗಿನ ಪೈಲಟ್ ಜೆಟ್ ಅನ್ನುವ ಸಣ್ಣ ತೂತಿನ ತಿರುಪಿನ ಮೇಲೆ. ಐಡ್ಲಿಂಗ್‌ಗೆ, ಅಂದರೆ ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ ನಿಧಾನಕ್ಕೆ ಓಡುತ್ತಿರಲು, ಪೆಟ್ರೋಲ್ ಬರುವುದು ಅದರಿಂದಲೇ. ತೂತು ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಒಂದು ಕಣ ಕೂತರೂ ಸಾಕು.

ಮಂಡ್ಯದ ನಮ್ಮ ಮನೆಯಲ್ಲಿ ಅಪ್ಪನ ಹಳೇ ಸ್ಪ್ಲೆಂಡರ್ ಇದೆ. ಗದ್ದೆಗೆ ಹೋಗುವಾಗ ಬಿಟ್ಟರೆ ಉಳಿದ ಹೊತ್ತೆಲ್ಲ ನಿಂತೇ ಇರುತ್ತದೆ. ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ ಬೌಲ್ (ಕಾರ್ಬೊರೇಟರ್ ಕೆಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು) ತಳದಲ್ಲಿ ಅಂಟು ಉಳಿಯುತ್ತದೆ. ಈಗಿನ ಪೆಟ್ರೋಲ್‌ಗೆ ಕಬ್ಬಿನಿಂದಲೂ ಮಾಡುವ ಎಥನಾಲ್ ಬೇರೆ ಸೇರಿಸುತ್ತಾರೆ, ಅದು ತೇವ ಎಳೆದುಕೊಳ್ಳುತ್ತದೆ. 'ನಾವು ಬೆಳೆದ ಕಬ್ಬೇ ಬಂದು ಜೆಟ್‌ನಲ್ಲಿ ಕೂತಿದೆ ನೋಡು' ಅಂತ ಅಪ್ಪ ನಗುತ್ತಾರೆ.

ಕೆಲಸ ಅಂಗಳದಲ್ಲೇ. ಹತ್ತಿರ ಒಲೆ, ಬೀಡಿ ಯಾವುದೂ ಇರಬಾರದು. ಟ್ಯಾಂಕ್ ಕೆಳಗಿನ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬೌಲ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸುತ್ತೇನೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ತಳದಲ್ಲಿ ನೀರಿದೆಯಾ, ತುಕ್ಕಿದೆಯಾ ಗೊತ್ತಾಗುತ್ತದೆ. ತುಕ್ಕು ಕಂಡರೆ ಟ್ಯಾಂಕ್ ಮತ್ತು ಕಾಕ್ ಫಿಲ್ಟರ್ ಕೂಡ ತೊಳೆಯಲೇಬೇಕು. ಇಲ್ಲದಿದ್ದರೆ ಇವತ್ತಿನ ಕೆಲಸವೆಲ್ಲ ಸುಮ್ನೆ.

ಕಾರ್ಬೊರೇಟರ್ ಕಳಚಿ ಸ್ಟೀಲ್ ತಟ್ಟೆ ಮೇಲಿಟ್ಟು ಬಿಚ್ಚಿದರೆ ಸಣ್ಣ ಸ್ಪ್ರಿಂಗ್, ವಾಷರ್ ಕಳೆಯುವುದಿಲ್ಲ. ಬೌಲ್ ಸ್ಕ್ರೂಗಳಿಗೆ ಸರಿಯಾದ ಅಳತೆಯ ಸ್ಕ್ರೂಡ್ರೈವರನ್ನೇ ಒತ್ತಿ ಹಿಡಿದು ತಿರುಗಿಸಬೇಕು. ತಲೆ ಸವೆದರೆ ಆಮೇಲೆ ಡ್ರಿಲ್ಲೇ ಗತಿ. ಗಾಳಿ-ಪೆಟ್ರೋಲ್ ಪಾಲು ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ತೆಗೆಯುವ ಮುಂಚೆ ಅದನ್ನು ಮೆಲ್ಲಗೆ ಒಳಗೆ ತಿರುಗಿಸಿ, ಎಷ್ಟು ಸುತ್ತಿಗೆ ತಳ ಮುಟ್ಟಿತು ಅಂತ ಬರೆದಿಡುತ್ತೇನೆ. ಬಿಗಿಯಾಗಿ ಒತ್ತಿದರೆ ತುದಿ ಹಾಳು.

ಜೆಟ್‌ಗಳು ಹಿತ್ತಾಳೆಯವು, ಮೆತ್ತಗಿರುತ್ತವೆ. ಪಿನ್ನು, ಸೂಜಿ ತೂರಿಸಿದರೆ ತೂತು ದೊಡ್ಡದಾಗಿ ಮೈಲೇಜ್ ಹೋಗುತ್ತದೆ. ನಾನು ಕ್ಲೀನರ್ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡುತ್ತೇನೆ. ಜಗ್ಗದಿದ್ದರೆ ವೈರ್ ಒಳಗಿನ ತಾಮ್ರದ ಒಂದೇ ಎಳೆ. ಜೆಟ್ಟನ್ನು ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು. ಬಾಡಿಯೊಳಗಿನ ದಾರಿಗಳಿಗೂ ಸ್ಪ್ರೇ ಹೊಡೆದು, ಆಚೆ ತುದಿಯಲ್ಲಿ ಚಿಮ್ಮುತ್ತದಾ ನೋಡುತ್ತೇನೆ. ಜೆಟ್ ಮಾತ್ರ ತೊಳೆದು ಇದನ್ನು ಬಿಡುವವರೇ ಜಾಸ್ತಿ. ಕನ್ನಡಕ ಹಾಕಿಕೊಳ್ಳಿ, ಸ್ಪ್ರೇ ಎಲ್ಲಿಂದ ವಾಪಸ್ ಬರುತ್ತದೋ ಹೇಳೋಕಾಗಲ್ಲ. ಓ-ರಿಂಗ್, ಗ್ಯಾಸ್ಕೆಟ್‌ಗೆ ಅದು ತಾಗಿದರೆ ಉಬ್ಬುತ್ತವೆ, ಮೊದಲೇ ತೆಗೆದಿಡಬೇಕು.

ಬೌಲ್ ತುಂಬಿದಾಗ ತೇಲುವ ಫ್ಲೋಟ್ ಮೇಲೆದ್ದು ನೀಡಲ್‌ನಿಂದ ಪೆಟ್ರೋಲ್ ದಾರಿ ಮುಚ್ಚುತ್ತದೆ. ಆ ಫ್ಲೋಟ್ ನೀಡಲ್ ಪರೀಕ್ಷೆ ಸುಲಭ. ಪೆಟ್ರೋಲ್ ಬರುವ ನಳಿಗೆ ಹೊಸ ಪೈಪ್ ತುಂಡು ಸಿಕ್ಕಿಸಿ ಊದಿ. ಫ್ಲೋಟನ್ನು ಮೆಲ್ಲಗೆ ಮೇಲೆತ್ತಿದಾಗ ಗಾಳಿ ಪೂರ್ತಿ ನಿಲ್ಲಬೇಕು. ನಿಲ್ಲದಿದ್ದರೆ ಓವರ್‌ಫ್ಲೋ ಖಂಡಿತ. ನೀಡಲ್ ತುದಿಯಲ್ಲಿ ಸವೆದ ಗೀರು ಕಂಡರೆ ಹೊಸದು ಹಾಕುವುದೇ ವಾಸಿ.

ಜೋಡಿಸುವಾಗ ಸ್ಲೈಡ್ (ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಭಾಗ) ಒಂದೇ ಕಡೆ ಕೂರುತ್ತದೆ. ಅದರ ಓರೆ ಕತ್ತರಿಸಿದ ಭಾಗ ಏರ್ ಫಿಲ್ಟರ್ ಕಡೆಗಿರಬೇಕು. ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ಟಕ್ ಅಂತ ಬೀಳಬೇಕು. ಆ ಸದ್ದು ಬರದೆ ಕಿಕ್ ಹೊಡೆಯಬೇಡಿ, ಗಾಡಿ ಸ್ಟಾರ್ಟ್ ಆದ ಕೂಡಲೇ ಪೂರ್ತಿ ರೇಸ್ ಆಗಿಬಿಡಬಹುದು.

ಟ್ಯೂನಿಂಗ್ ಬಿಸಿ ಇಂಜಿನ್ ಮೇಲೆ. ಮಿಕ್ಸ್ಚರ್ ಸ್ಕ್ರೂ ಫಿಲ್ಟರ್ ಕಡೆ ಇದ್ದರೆ ಒಳಗೆ ತಿರುಗಿಸಿದಷ್ಟೂ ಪೆಟ್ರೋಲ್ ಪಾಲು ಜಾಸ್ತಿ, ಇಂಜಿನ್ ಕಡೆ ಇದ್ದರೆ ಕಡಿಮೆ. ಬರೆದಿಟ್ಟ ಸುತ್ತಿನಿಂದ ಶುರು ಮಾಡಿ, ಸದ್ದು ಅತಿ ಚುರುಕಾಗುವ ಜಾಗ ಹುಡುಕಿ, ಆಮೇಲೆ ಐಡ್ಲಿಂಗ್ ಸ್ಕ್ರೂ ಇಳಿಸುತ್ತೇನೆ. ಎಷ್ಟು ತಿರುಗಿಸಿದರೂ ಒಂದೇ ಸಮ ನಿಲ್ಲದಿದ್ದರೆ ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟಿರಬಹುದು, ಇಲ್ಲವೇ ಸ್ಲೈಡ್ ಸವೆದು ಅಲುಗಾಡುತ್ತಿರಬಹುದು. ಸ್ಲೈಡ್ ಸವೆದಿದ್ದರೆ ತೊಳೆದು ಪ್ರಯೋಜನವಿಲ್ಲ. ಅಂಥದ್ದಕ್ಕೆ ನಾನು ಸ್ಪೇರ್ ಅಂಗಡಿಯಲ್ಲಿ ಬೇರೆ ಕಾರ್ಬೊರೇಟರ್ ಬೆಲೆ ಕೇಳುತ್ತೇನೆ.