ಸೀಲ್ ಹಾಕುವ ಮೊದಲು ಶಾಫ್ಟ್ ನೋಡಿ: ಹಳೆ ಗಾಡಿಯ ಪವರ್ ಸ್ಟೀರಿಂಗ್ ರ‍್ಯಾಕ್ ಲೀಕ್

ನಾನು ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಗೇರ್‌ಬಾಕ್ಸ್ ಬಿಚ್ಚೋದು, ಬೇರಿಂಗ್ ಬದಲಿಸೋದು, ಆಯಿಲ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಹಾಕೋದು ನನ್ನ ದಿನದ ಕೆಲಸ. ಭತ್ತದ ಹೊಟ್ಟಿನ ಧೂಳು ಎಂಥ ಸೀಲನ್ನೂ ತಿಂದು ಹಾಕುತ್ತದೆ. ಹಾಗಾಗಿ ನಮ್ಮ ಮನೆಯ 2008ರ ಇನ್ನೋವಾದ ಕೆಳಗೆ ಒಂದು ಬೆಳಿಗ್ಗೆ ಪವರ್ ಸ್ಟೀರಿಂಗಿನ ಕೆಂಪು ಎಣ್ಣೆಯ ಹನಿ ಕಂಡಾಗ ನನಗೆ ಗಾಬರಿ ಆಗಲಿಲ್ಲ. ಊರಿನ ಒಂದು ಗ್ಯಾರೇಜಿಗೆ ಬಿಟ್ಟೆ. ರ‍್ಯಾಕ್ (ಸ್ಟೀರಿಂಗಿನ ತಿರುವನ್ನು ಮುಂದಿನ ಗಾಲಿಗಳಿಗೆ ಮುಟ್ಟಿಸುವ ಭಾಗ) ಇಳಿಸಿ ಹೊಸ ಸೀಲ್ ಕಿಟ್ ಹಾಕಿ ಕೊಟ್ಟರು. ಎರಡು ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಹನಿ.

ಎರಡನೇ ಸಲ ನಾನೇ ಬಿಚ್ಚಿದೆ. ಆಗ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಗಾಡಿಯಲ್ಲಿ ಎಣ್ಣೆಯ ಸ್ಟೀರಿಂಗ್ ಇದೆಯಾ ನೋಡಿಕೊಳ್ಳಿ. ಐ10, ಸ್ವಿಫ್ಟ್‌ನಂಥ ಗಾಡಿಗಳಲ್ಲಿ ಕರೆಂಟ್ ಮೋಟರ್ ಇರುತ್ತದೆ, ಅಲ್ಲಿ ಈ ಎಣ್ಣೆಯ ಮಾತೇ ಇಲ್ಲ. ಬಾನೆಟ್ ಎತ್ತಿದಾಗ ಬೆಲ್ಟಿನಿಂದ ತಿರುಗುವ ಒಂದು ಪಂಪು, ಅದಕ್ಕೆ ಎಣ್ಣೆ ಕೊಡುವ ಸಣ್ಣ ಡಬ್ಬಿ ಕಂಡರೆ ನಿಮ್ಮದು ಹೈಡ್ರಾಲಿಕ್.

ಅದರ ರ‍್ಯಾಕ್ ಕೆಲಸ ಮಾಡುವ ಬಗೆ ಸರಳ. ಒಂದು ಉದ್ದ ಕೊಳವೆ, ಅದರೊಳಗೆ ಆಚೆ ಈಚೆ ಸರಿಯುವ ಒಂದು ಕಬ್ಬಿಣದ ಶಾಫ್ಟ್. ಅದರ ಒಂದು ಭಾಗಕ್ಕೆ ಹಲ್ಲು, ಇನ್ನೊಂದು ಭಾಗಕ್ಕೆ ಪಿಸ್ಟನ್. ನೀವು ಸ್ಟೀರಿಂಗ್ ತಿರುಗಿಸಿದ ಕೂಡಲೇ ಪಿನಿಯನ್ (ಸ್ಟೀರಿಂಗ್ ರಾಡಿನ ತುದಿಯ ಸಣ್ಣ ಹಲ್ಲಿನ ಚಕ್ರ) ಮೇಲಿನ ವಾಲ್ವ್ ಪಂಪಿನ ಎಣ್ಣೆಯನ್ನು ಪಿಸ್ಟನ್ನಿನ ಎಡಕ್ಕೋ ಬಲಕ್ಕೋ ಬಿಡುತ್ತದೆ. ಆ ಒತ್ತಡವನ್ನು ಹಿಡಿದು ನಿಲ್ಲುವುದು ಎರಡು ರಬ್ಬರ್ ಸೀಲ್. ಒಂದು ಕೊಳವೆಯ ತುದಿಯಲ್ಲಿ, ಇನ್ನೊಂದು ಒಳಗೆ ಆಳದಲ್ಲಿ. ಪಿನಿಯನ್ನಿಗೆ ಬೇರೆ ಸೀಲುಗಳಿವೆ. ಕೊಳವೆಯ ಎರಡೂ ತುದಿಗೆ ಮಡಿಕೆ ಮಡಿಕೆಯಾದ ರಬ್ಬರ್ ಬೂಟ್. ಈ ಬೂಟಿನ ಕೆಲಸ ಎಣ್ಣೆ ತಡೆಯೋದಲ್ಲ, ಹೊರಗಿನ ಮಣ್ಣು ನೀರು ತಡೆಯೋದು.

ಎಲ್ಲಿಂದ ಸೋರುತ್ತಿದೆ ಎಂದು ಹುಡುಕಲು ಅರ್ಧ ದಿನ ಹೋದರೂ ಪರವಾಗಿಲ್ಲ. ರ‍್ಯಾಕ್ ಎಲ್ಲಕ್ಕಿಂತ ಕೆಳಗಿರುವುದರಿಂದ ಮೇಲಿನ ಲೀಕೆಲ್ಲ ಹರಿದು ಅದರ ಮೇಲೇ ಬೀಳುತ್ತದೆ. ಡಬ್ಬಿಯ ಪೈಪಿನ ಕ್ಲಿಪ್ ಸಡಿಲಾಗಿರಬಹುದು. ಪ್ರೆಶರ್ ಪೈಪಿನಲ್ಲಿ ರಬ್ಬರು ಕಬ್ಬಿಣ ಕೂಡುವ ಜಾಗ ಬೆವರುತ್ತಿರಬಹುದು. ಇದನ್ನು ನೋಡದೆ ರ‍್ಯಾಕ್ ಇಳಿಸಿದರೆ ದುಡ್ಡೂ ಹೋಯಿತು, ಲೀಕೂ ಉಳಿಯಿತು. ಇಂಜಿನ್ ತಣ್ಣಗಿರುವಾಗ ಡಬ್ಬಿಯಿಂದ ಕೆಳಗಿನವರೆಗೆ ಎಲ್ಲವನ್ನೂ ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ. ಆಮೇಲೆ ಒಣ ಬನಿಯನ್ ಬಟ್ಟೆಯಿಂದ ಪೂರ್ತಿ ಒಣಗಿಸಿ. ಜೋಡಣೆಗಳ ಮೇಲೆ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಇಂಜಿನ್ ಚಾಲು ಮಾಡಿ ಒಬ್ಬರಿಗೆ ಸ್ಟೀರಿಂಗನ್ನು ಆ ಕೊನೆಯಿಂದ ಈ ಕೊನೆಗೆ ನಿಧಾನಕ್ಕೆ ತಿರುಗಿಸಲು ಹೇಳಿ. ಕೊನೆಯಲ್ಲಿ ಐದು ಸೆಕೆಂಡಿಗಿಂತ ಜಾಸ್ತಿ ಹಿಡಿದು ನಿಲ್ಲಿಸಬಾರದು, ಪಂಪು ಕಾದು ಹಾಳಾಗುತ್ತದೆ. ನೀವು ಟಾರ್ಚ್ ಹಿಡಿದು ನೋಡಿ. ಎಣ್ಣೆ ಹೊರಟ ಜಾಗದಲ್ಲಿ ಬಿಳಿ ಪೌಡರಿನ ಮೇಲೆ ಕೆಂಪು ಗೆರೆ ಮೂಡುತ್ತದೆ.

ಪೈಪುಗಳೆಲ್ಲ ಒಣಗಿದ್ದರೆ ಬೂಟಿಗೆ ಬನ್ನಿ. ಕೈಯಿಂದ ಹಿಚುಕಿ. ಒಳಗೆ ಎಣ್ಣೆ ತುಳುಕಿದರೆ ರ‍್ಯಾಕಿನ ಸೀಲ್ ಹೋಗಿದೆ ಎಂದೇ ಅರ್ಥ. ಇಲ್ಲೊಂದು ಎಚ್ಚರ ಬೇಕು. ಕೆಲವು ರ‍್ಯಾಕ್‌ಗಳಲ್ಲಿ ಎರಡು ಬೂಟುಗಳ ನಡುವೆ ಗಾಳಿ ಓಡಾಡಲು ಸಣ್ಣ ನಳಿಗೆ ಇರುತ್ತದೆ. ಒಂದು ಕಡೆಯ ಎಣ್ಣೆ ಅದರಲ್ಲಿ ಹಾಯ್ದು ಇನ್ನೊಂದು ಬೂಟಿಗೂ ಹೋಗುತ್ತದೆ. ಎರಡೂ ಬೂಟಿನಲ್ಲಿ ಎಣ್ಣೆ ಇದ್ದ ಮಾತ್ರಕ್ಕೆ ಎರಡೂ ಸೀಲ್ ಹೋಗಿವೆ ಅನ್ನುವಂತಿಲ್ಲ. ಹೊರಗೆ ಎಲ್ಲೂ ಹನಿ ಇಲ್ಲ, ಆದರೆ ಸ್ಟೀರಿಂಗ್ ಒಂದೇ ಕಡೆಗೆ ಬಿಗಿ ಎಂದಾದರೆ ಪಿನಿಯನ್ ಮೇಲಿನ ವಾಲ್ವ್ ಸವೆದಿರಬಹುದು. ಅದು ಬೇರೆ ಕಾಯಿಲೆ.

ಹನಿ ಕಂಡ ಮೇಲೂ ಎಣ್ಣೆ ಹಾಕಿ ಹಾಕಿ ಓಡಿಸುವವರನ್ನು ನೋಡಿದ್ದೇನೆ. ಎಣ್ಣೆ ಖಾಲಿಯಾದರೆ ಪಂಪು ಒಣಗಿ ಕೆರೆದುಕೊಳ್ಳುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದರೆ ಬೆಂಕಿಯೂ ಹತ್ತಬಹುದು. ಲೀಕ್ ನಿಲ್ಲಿಸುವ ಬಾಟಲಿ ಔಷಧಿ ಬೇಡ, ಅದು ರಬ್ಬರನ್ನು ಉಬ್ಬಿಸಿ ನಾಲ್ಕು ದಿನ ಮುಚ್ಚಿಡುತ್ತದೆ ಅಷ್ಟೇ. ಬ್ರೇಕ್ ಆಯಿಲ್ ಅಂತೂ ಬೇಡವೇ ಬೇಡ. ಒಂದು ಸಲ ಹಾಕಿದರೆ ಇದ್ದ ಸೀಲೆಲ್ಲ ಕೆಡುತ್ತವೆ.

ಈಗ ಇಳಿಸುವ ಕೆಲಸ. ಎರೆ ಮಣ್ಣಿನ ಅಂಗಳದಲ್ಲಿ ಮಾಡಬೇಡಿ, ಜಾಕಿ ವಾಲುತ್ತದೆ. ನಾನು ಗಿರಣಿಯ ಸಿಮೆಂಟ್ ಕಣದಲ್ಲಿ ಮಾಡಿದೆ. ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಮುಂದೆ ಎತ್ತಿ, ಚಾಸಿ ಕೆಳಗೆ ಎರಡು ಗಟ್ಟಿ ಸ್ಟ್ಯಾಂಡ್ ಇಡಿ. ಬರೀ ಜಾಕಿ ನಂಬಿ ಗಾಡಿ ಕೆಳಗೆ ಹೋಗಬೇಡಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಗಾಲಿ ನೇರ ಮಾಡಿ, ಸ್ಟೀರಿಂಗ್ ಚಕ್ರವನ್ನು ಸೀಟ್ ಬೆಲ್ಟಿನಿಂದ ಕಟ್ಟಿಹಾಕಿ. ಇದನ್ನು ಮರೆತರೆ ದೊಡ್ಡ ನಷ್ಟ. ರ‍್ಯಾಕ್ ಬಿಡಿಸಿದ ಮೇಲೆ ಚಕ್ರ ಸುಮ್ನೆ ಒಂದೆರಡು ಸುತ್ತು ತಿರುಗಿದರೆ, ಹಾರ್ನ್ ಮತ್ತು ಏರ್‌ಬ್ಯಾಗಿನ ಸುರುಳಿ ತಂತಿ ಒಳಗೇ ತುಂಡಾಗಬಹುದು.

ಟೈ ರಾಡ್ ಎಂಡ್ (ರ‍್ಯಾಕನ್ನು ಗಾಲಿಗೆ ಕೂಡಿಸುವ ರಾಡಿನ ತುದಿ) ಬಿಚ್ಚುವ ಮೊದಲು ಅದರ ಲಾಕ್ ನಟ್ ಇರುವ ಜಾಗಕ್ಕೆ ಬಣ್ಣ ಹಚ್ಚಿ. ಎಷ್ಟು ಸುತ್ತು ತಿರುಗಿಸಿದ ಮೇಲೆ ಹೊರಬಂತು ಎಂದು ಎಡ ಬಲ ಬೇರೆ ಬೇರೆ ಬರೆದುಕೊಳ್ಳಿ. ಸ್ಪ್ಲಿಟ್ ಪಿನ್ ತೆಗೆದು ನಟ್ ಸಡಿಲಿಸಿ, ಆದರೆ ಮೂರು ನಾಲ್ಕು ಎಳೆ ಉಳಿಸಿ. ಬಾಲ್ ಜಾಯಿಂಟ್ ಪುಲ್ಲರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನಕಲ್ (ಗಾಲಿ ಕೂರುವ ಕಬ್ಬಿಣದ ಭಾಗ) ತೋಳಿನ ಕಣ್ಣಿಗೆ ಪಕ್ಕದಿಂದ ಹೊಡೆಯಬೇಕು, ಎದುರು ಬದಿಗೆ ಇನ್ನೊಂದು ಭಾರದ ಸುತ್ತಿಗೆ ಆನಿಸಿ. ಟೈ ರಾಡಿನ ತುದಿಗೆ ಹೊಡೆದರೆ ಎಳೆ ಚಪ್ಪಟೆಯಾಗುತ್ತದೆ.

ಸ್ಟೀರಿಂಗ್ ರಾಡಿನ ಕ್ರಾಸ್ ಜಾಯಿಂಟ್ ಮತ್ತು ಪಿನಿಯನ್ ಎರಡಕ್ಕೂ ಸೇರಿ ಒಂದೇ ಗೆರೆ ಬಣ್ಣ ಹಚ್ಚಿ, ಆಮೇಲೆ ಬೋಲ್ಟ್ ತೆಗೆಯಿರಿ. ಪ್ರೆಶರ್ ಪೈಪಿನ ನಟ್ ಬಿಚ್ಚಲು ಸಾದಾ ಪಾನಾ ಬೇಡ, ಮೂಲೆ ಸವೆದುಹೋಗುತ್ತದೆ. ಪೈಪಿನ ನಟ್ಟಿಗೆಂದೇ ಇರುವ ಫ್ಲೇರ್ ಪಾನಾ ತನ್ನಿ. ಎಣ್ಣೆ ಹಿಡಿಯಲು ಕೆಳಗೆ ಪ್ಲಾಸ್ಟಿಕ್ ಬುಟ್ಟಿ ಇಡಿ. ಬಿಚ್ಚಿದ ಪೈಪಿನ ಬಾಯಿಗೆ ಶುದ್ಧ ಪ್ಲಾಸ್ಟಿಕ್ ಕಟ್ಟಿ. ಒಂದು ಕಣ ಮರಳು ಒಳಗೆ ಹೋದರೂ ವಾಲ್ವ್ ಹಾಳು. ಕೊನೆಗೆ ಕ್ರಾಸ್ ಮೆಂಬರಿಗೆ (ಮುಂದಿನ ಅಡ್ಡ ತೊಲೆಗೆ) ಹಿಡಿದಿರುವ ಬೋಲ್ಟ್ ತೆಗೆದರೆ ರ‍್ಯಾಕ್ ಕೈಗೆ ಬರುತ್ತದೆ. ಇನ್ನೋವಾಕ್ಕೆ ಹಿಂದಿನ ಗಾಲಿ ಎಳೆತ, ಮುಂದೆ ಡ್ರೈವ್ ಶಾಫ್ಟಿನ ಅಡ್ಡಿ ಇಲ್ಲ. ಮುಂದಿನ ಗಾಲಿ ಎಳೆಯುವ ಹಲವು ಕಾರುಗಳಲ್ಲಿ ಸಬ್‌ಫ್ರೇಮ್ ಇಳಿಸಬೇಕಾಗುತ್ತದೆ. ಅಂಥ ಗಾಡಿಯಾದರೆ ಲಿಫ್ಟ್ ಇರುವ ಗ್ಯಾರೇಜಿಗೆ ಕೊಡುವುದೇ ಸರಿ.

ರ‍್ಯಾಕನ್ನು ಹೊರಗೆ ತೊಳೆದು, ಬೆಂಚ್ ಮೇಲೆ ಹಾಸಿದ ಬಟ್ಟೆಯ ಮೇಲಿಟ್ಟೆ. ಎಡಗಡೆಯ ಬೂಟ್ ತೆಗೆದಾಗ ಎಣ್ಣೆಯ ಜೊತೆ ಕೆಂಪು ಕೆಸರು ಬಂತು. ಬೂಟಿನ ಮಡಿಕೆಯಲ್ಲಿ ಬೆರಳಿನ ಉಗುರಿನಷ್ಟು ಸೀಳು. ನಮ್ಮ ಗಾಡಿ ತೋರಣಗಲ್ಲು, ಸಂಡೂರು ಕಡೆಗೆ ಜಾಸ್ತಿ ಓಡಾಡಿದೆ. ಅಲ್ಲಿನ ಅದಿರಿನ ಧೂಳು, ಇಲ್ಲಿ ಭತ್ತದ ಗದ್ದೆಯಿಂದ ಟ್ರ್ಯಾಕ್ಟರ್ ರಸ್ತೆಗೆ ತಂದ ಕೆಸರು, ಎರಡೂ ಆ ಸೀಳಿನಲ್ಲಿ ಹೊಕ್ಕಿವೆ. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಳೆ ರಬ್ಬರು ಗಡುಸಾಗಿ ಸೀಳುವುದು ಸಹಜ.

ಆ ಹೊತ್ತಿಗೆ ನಮ್ಮ ಲೇತ್ ಕಾಕಾ ಬಂದರು. ಮೂವತ್ತು ವರ್ಷದಿಂದ ಶಾಫ್ಟ್ ಕಡೆಯುವ ಕೈ ಅವರದು.

‘ಸೀಲ್‌ದೇನೂ ತಪ್ಪಿಲ್ಲ ತಮ್ಮಾ. ಶಾಫ್ಟ್ ನೋಡಿಯೇನು?’ ಎಂದರು.

‘ಒರೆಸೀನಿ ಕಾಕಾ, ಚಲೋ ಹೊಳಿತೈತಿ’ ಎಂದೆ.

‘ಕಣ್ಣಿಂದ ಅಲ್ಲ, ಉಗುರು ಆಡಿಸಿ ನೋಡು.’

ಉಗುರು ಆಡಿಸಿದೆ. ಸೀಲ್ ಓಡಾಡುವ ಜಾಗದಲ್ಲೇ ಮೂರು ಕಡೆ ಉಗುರು ಸಿಕ್ಕಿತು. ತುಕ್ಕು ತಿಂದ ಸಣ್ಣ ಗುಳಿಗಳು. ಪ್ರತಿ ತಿರುವಿಗೂ ಆ ಗುಳಿಯ ಅಂಚು ಸೀಲಿನ ತುಟಿಯನ್ನು ಕೆರೆಯುತ್ತದೆ. ಹೊಸ ಸೀಲ್ ಎರಡೇ ತಿಂಗಳಿಗೆ ಸೋತದ್ದು ಇದಕ್ಕೇ. ಗಿರಣಿಯಲ್ಲಿ ಯಾವ ಗೇರ್‌ಬಾಕ್ಸಿಗೂ ನಾನು ಶಾಫ್ಟ್ ಮುಟ್ಟಿ ನೋಡದೆ ಸೀಲ್ ಹಾಕಿದವನಲ್ಲ. ಗ್ಯಾರೇಜಿನಲ್ಲಿ ಮೊದಲ ಸಲ ರ‍್ಯಾಕ್ ಬಿಚ್ಚಿದಾಗ ಪಕ್ಕದಲ್ಲಿ ನಿಂತು ಇದೊಂದು ಮಾತು ಕೇಳಬೇಕಿತ್ತು.

ಹಾಗಾಗಿ ರಿಪೇರಿಯೋ ಹೊಸದೋ ಎನ್ನುವ ತೀರ್ಮಾನ ಶಾಫ್ಟಿನದು. ಶಾಫ್ಟ್ ನುಣ್ಣಗಿದ್ದು ರಬ್ಬರಷ್ಟೇ ಗಡುಸಾಗಿದ್ದರೆ ಸೀಲ್ ಕಿಟ್ ಸಾಕು. ಉಗುರಿಗೆ ಸಿಗದಷ್ಟು ತೆಳು ಕಲೆ ಇದ್ದರೆ 2000 ನಂಬರಿನ ಎಮರಿ ಪೇಪರಿಗೆ ಎಣ್ಣೆ ಹಚ್ಚಿ ಮೆತ್ತಗೆ ಉಜ್ಜಬಹುದು. ಉಗುರು ಸಿಕ್ಕಿತೋ, ಆ ಶಾಫ್ಟನ್ನು ಬಿಡಿ. ಹೊಸ ರ‍್ಯಾಕ್ ಕೊಳ್ಳುವ ಶಕ್ತಿ ಇದ್ದರೆ ಅದೇ ಉತ್ತಮ. ನನಗೆ ಅದು ಭಾರವಾಯಿತು. ಗುಜರಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಒಂದು ಇನ್ನೋವಾದ ರ‍್ಯಾಕ್ ಸಿಕ್ಕಿತು. ಮುಂದೆ ಪೆಟ್ಟು ಬಿದ್ದ ಗಾಡಿಯದಾದರೆ ಮುಟ್ಟಬೇಡಿ, ಶಾಫ್ಟ್ ಬಾಗಿರಬಹುದು. ಅಲ್ಲೇ ಎರಡೂ ಬೂಟ್ ಬಿಚ್ಚಿಸಿ, ಆ ಕೊನೆಯಿಂದ ಈ ಕೊನೆಗೆ ಶಾಫ್ಟ್ ಸರಿಸಿ, ಸುತ್ತಲೂ ಉಗುರು ಆಡಿಸಿದ ಮೇಲೆಯೇ ದುಡ್ಡು ಕೊಟ್ಟೆ. ಅದಕ್ಕೂ ಹೊಸ ಕಿಟ್ ಹಾಕಿದೆ.

ಕಿಟ್ ಹಾಕುವಾಗ ನಾಲ್ಕು ಕಡೆ ಕೈ ನಿಧಾನ ಇರಲಿ. ಒಳಗಿನ ಬಾಲ್ ಜಾಯಿಂಟ್ ಬಿಚ್ಚುವಾಗ ಶಾಫ್ಟನ್ನೇ ಇನ್ನೊಂದು ಪಾನಾದಿಂದ ಹಿಡಿಯಬೇಕು, ಇಲ್ಲದಿದ್ದರೆ ಆ ಬಲವೆಲ್ಲ ಪಿನಿಯನ್ ಹಲ್ಲಿಗೆ ಬೀಳುತ್ತದೆ. ಶಾಫ್ಟನ್ನು ಪಿನಿಯನ್ನಿಗೆ ಒತ್ತಿ ಹಿಡಿಯುವ ಸ್ಪ್ರಿಂಗಿನ ಮುಚ್ಚಳಕ್ಕೆ ಗುರುತು ಹಾಕಿ, ಸುತ್ತು ಎಣಿಸಿ ತೆಗೆಯಿರಿ. ಮತ್ತೆ ಹಾಕುವಾಗ ಬಿಗಿ ಜಾಸ್ತಿ ಆದರೆ ತಿರುವಿನ ನಂತರ ಸ್ಟೀರಿಂಗ್ ತಾನಾಗಿ ಹಿಂದಿರುಗುವುದಿಲ್ಲ, ಸಡಿಲಾದರೆ ಹಳ್ಳ ಬಂದಾಗಲೆಲ್ಲ ಟಕ್ ಟಕ್ ಎನ್ನುತ್ತದೆ. ಆಳದಲ್ಲಿರುವ ಸೀಲನ್ನು ಸ್ಕ್ರೂ ಡ್ರೈವರಿನಿಂದ ಕೆದರಬೇಡಿ, ಕೊಳವೆಗೆ ಗೀರು ಬೀಳುತ್ತದೆ. ಕಾಕಾ ಅಳತೆಗೆ ಸರಿಯಾಗಿ ಒಂದು ನೈಲಾನ್ ಬುಷ್ ಕಡೆದು ಕೊಟ್ಟರು. ಅದನ್ನು ಉದ್ದ ರಾಡಿನ ತುದಿಗೆ ಹಾಕಿ ಹಳೆಯದನ್ನು ಹೊರಡಿಸಿದೆ, ಹೊಸದನ್ನು ಕೂರಿಸಿದೆ. ಸೀಲಿನ ಸ್ಪ್ರಿಂಗ್ ಕಾಣುವ ಬದಿ ಎಣ್ಣೆಯ ಒತ್ತಡದ ಕಡೆಗೆ ಇರಬೇಕು.

ನಾಲ್ಕನೆಯದು ಶಾಫ್ಟನ್ನು ಮತ್ತೆ ತೂರಿಸುವ ಹೊತ್ತು. ಶಾಫ್ಟಿನ ಹಲ್ಲು ಗರಗಸದ ಹಾಗೆ. ಬರಿದೇ ತೂರಿಸಿದರೆ ಹೊಸ ಸೀಲಿನ ತುಟಿ ಅಲ್ಲೇ ಹರಿಯುತ್ತದೆ. ನಾನು ಹಳೆ ಎಕ್ಸ್-ರೇ ಹಾಳೆಯನ್ನು ಹಲ್ಲಿನ ಮೇಲೆ ನುಣ್ಣಗೆ ಸುತ್ತಿ, ಎಣ್ಣೆ ಹಚ್ಚಿ, ಸೀಲ್ ದಾಟಿದ ಮೇಲೆ ಎಳೆದುಕೊಂಡೆ. ಪಿಸ್ಟನ್ನಿನ ಟೆಫ್ಲಾನ್ ರಿಂಗನ್ನು ಬಿಸಿ ನೀರಿನಲ್ಲಿ ಮೆತ್ತಗೆ ಮಾಡಿ ಹಿಗ್ಗಿಸಿ ಹಾಕಬೇಕು, ಆಮೇಲೆ ಬೆರಳಿನಿಂದ ಒತ್ತಿ ಮೊದಲಿನ ಅಳತೆಗೆ ತರಬೇಕು. ಬೂಟುಗಳು ಎರಡೂ ಹೊಸವೇ ಇರಲಿ. ಬೂಟಿನ ಬೆಲೆ ರ‍್ಯಾಕಿನ ಮುಂದೆ ಏನೂ ಅಲ್ಲ.

ಗಾಡಿಗೆ ಏರಿಸುವ ಮೊದಲು ರ‍್ಯಾಕನ್ನು ಸರಿಯಾಗಿ ನಡುವಿಗೆ ತನ್ನಿ. ಕೊನೆಯಿಂದ ಕೊನೆಗೆ ಪಿನಿಯನ್ ಎಷ್ಟು ಸುತ್ತು ತಿರುಗುತ್ತದೆ ಎಣಿಸಿ, ಅರ್ಧಕ್ಕೆ ನಿಲ್ಲಿಸಿ. ಬೋಲ್ಟುಗಳನ್ನು ಸರ್ವಿಸ್ ಪುಸ್ತಕದ ಅಳತೆಗೆ ಟಾರ್ಕ್ ಪಾನಾದಿಂದಲೇ ಬಿಗಿಯಿರಿ. ಸ್ಪ್ಲಿಟ್ ಪಿನ್ ಮತ್ತು ಪೈಪಿನ ಓ-ರಿಂಗ್ ಹೊಸದು ಹಾಕಿ. ಇದು ಸ್ಟೀರಿಂಗ್. ಮನೆಯವರೆಲ್ಲ ಕೂತು ಹೋಗುವ ಗಾಡಿ.

ಡಬ್ಬಿಯ ತಳದ ಜಾಲರಿ ತೊಳೆದು, ಹಳೆ ಎಣ್ಣೆ ಪೂರ್ತಿ ತೆಗೆಯಿರಿ. ಇನ್ನೋವಾಕ್ಕೆ ಡೆಕ್ಸ್‌ರಾನ್ 2 ಅಥವಾ 3 ಎಂದು ಬರೆದ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಬೇಕು, ಬೇರೆ ಗಾಡಿಯಾದರೆ ಅದರ ಪುಸ್ತಕ ಹೇಳಿದ್ದೇ ಹಾಕಿ. ಡಬ್ಬಿ ತುಂಬಿಸಿ, ಮುಂದಿನ ಗಾಲಿ ಮೇಲೆ ಇರುವಾಗಲೇ, ಇಂಜಿನ್ ಬಂದ್ ಇಟ್ಟುಕೊಂಡು, ಸ್ಟೀರಿಂಗನ್ನು ಕೊನೆಯಿಂದ ಕೊನೆಗೆ ನಿಧಾನಕ್ಕೆ ಇಪ್ಪತ್ತು ಸಲ ತಿರುಗಿಸಿ. ಮಟ್ಟ ಇಳಿದಂತೆ ಎಣ್ಣೆ ಹಾಕುತ್ತಾ ಇರಿ. ನನ್ನ ಚಿಕ್ಕಪ್ಪನ ಮಗ ಚಕ್ರ ಹಿಡಿದ, ನಾನು ಡಬ್ಬಿ ನೋಡಿಕೊಂಡೆ. ಗುಳ್ಳೆ ನಿಂತ ಮೇಲೆ ಬ್ಯಾಟರಿ ತಂತಿ ಹಾಕಿ ಇಂಜಿನ್ ಚಾಲು ಮಾಡಿ, ರೇಸ್ ಕೊಡದೆ ಮತ್ತೆ ತಿರುಗಿಸಿ. ಎಣ್ಣೆ ಹಾಲಿನ ಹಾಗೆ ನೊರೆಯಾದರೆ ಇನ್ನೂ ಗಾಳಿ ಇದೆ. ಬಂದ್ ಮಾಡಿ, ನೊರೆ ಇಳಿಯುವ ತನಕ ಬಿಟ್ಟು, ಮತ್ತೆ ಮಾಡಿ. ಇಂಜಿನ್ ಬಂದ್ ಮಾಡಿದಾಗ ಎಣ್ಣೆಯ ಮಟ್ಟ 5 ಮಿಲಿಮೀಟರಿಗಿಂತ ಜಾಸ್ತಿ ಮೇಲೇರಬಾರದು. ಏರಿದರೆ ಒಳಗೆ ಗಾಳಿ ಉಳಿದಿದೆ.

ಗಾಲಿಗಳ ಅಲೈನ್‌ಮೆಂಟಿಗೆ ಅದೇ ದಿನ ಹೋಗಿ. ಟೈ ರಾಡ್ ಎಂಡಿಗೆ ಎಣಿಸಿದ ಸುತ್ತು ಅಲ್ಲಿಯವರೆಗೆ ಓಡಿಸಲು ಮಾತ್ರ ಸಾಕು. ಹಳೆ ಎಣ್ಣೆಯನ್ನು ಕಾಲುವೆಗೆ ಚೆಲ್ಲಬೇಡಿ, ಅದೇ ನೀರು ಗದ್ದೆಗೆ ಹೋಗುತ್ತದೆ. ಡಬ್ಬಿಯಲ್ಲಿ ತುಂಬಿ ಹಳೆ ಎಣ್ಣೆ ಕೊಳ್ಳುವವರಿಗೆ ಕೊಡಿ.

ಒಂದು ವಾರ ರಾತ್ರಿ ಗಾಡಿಯ ಕೆಳಗೆ ಹಳೆ ಪೇಪರ್ ಹಾಸಿ, ಬೆಳಿಗ್ಗೆ ನೋಡಿ. ಮೊದಲ ದಿನ ಅಲ್ಲಿ ಇಲ್ಲಿ ಒರೆಸದೆ ಉಳಿದ ಒಂದು ಹನಿ ಬೀಳಬಹುದು, ಮೂರನೇ ದಿನಕ್ಕೆ ಪೇಪರ್ ಒಣಗಿರಬೇಕು. ನಾನು ಈಗಲೂ ಭತ್ತದ ಕೊಯ್ಲು ಮುಗಿದು ರಸ್ತೆಯ ಕೆಸರು ಒಣಗಿದ ಮೇಲೆ ಒಂದು ಸಲ ಗಾಡಿ ಕೆಳಗೆ ಮಲಗಿ, ಎರಡೂ ಬೂಟುಗಳ ಮಡಿಕೆಯನ್ನು ಒಂದೊಂದಾಗಿ ಬಿಡಿಸಿ ನೋಡುತ್ತೇನೆ. ಹತ್ತು ನಿಮಿಷದ ಕೆಲಸ.